ಐರ್ಲೆಂಡಿನ ಸಂಪ್ರದಾಯವಾದಿಗಳೂ ಬೆಳಗಾವಿಯ ಸವಿತಾಳೂ

ಪರನಾಡಿಗೆ ಹೋದವರು ಅಲ್ಲಿಯ ಅನ್ನವನ್ನಷ್ಟೇ ಉಣ್ಣುವುದಿಲ್ಲ. ಅಲ್ಲಿಯ ಕಟ್ಟಳೆಗಳಿಗೂ ಒಳಪಡುತ್ತಾರೆ. ಆ ಕಟ್ಟಳೆಗಳು ಯಾರ ನಂಬಿಕೆಯಿಂದ ಹುಟ್ಟಿದವು, ಯಾವ ಭಯದಿಂದ ಬರೆಯಲ್ಪಟ್ಟವು ಎಂದು ಹೊರಡುವ ಮುನ್ನ ವಿಚಾರಿಸುವವರು ಕಡಿಮೆ. ಆಂಟಾಪ್ ಹಿಲ್, ವಡಾಲಾ, ಸಾಯನ್ ಕೋಳಿವಾಡಾಗಳ ಕನ್ನಡ ಮನೆಗಳ ಮಕ್ಕಳೂ ಇಂದು ಓದಿಗೆಂದು, ನೌಕರಿಗೆಂದು ದೂರದೇಶಗಳಿಗೆ ಹೋಗುತ್ತಿರುವಾಗ, ಐರ್ಲೆಂಡಿನ ಈ ಇತಿಹಾಸ ನಮಗೆ ಸಂಬಂಧಿಸಿದ್ದಲ್ಲವೆಂದು ಬದಿಗಿಡುವಂತಿಲ್ಲ.

ಐರ್ಲೆಂಡ್ ಕನ್ನಡಿಗರಿಗೆ ತೀರ ಅಪರಿಚಿತವೂ ಅಲ್ಲ. 1919-20ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮೊದಲ ಮುಖ್ಯಸ್ಥೆಯಾಗಿದ್ದ ಮಾರ್ಗರೆಟ್ ಕಸಿನ್ಸ್ ಐರಿಷ್ ಮಹಿಳೆ. ನಮ್ಮಂತೆಯೇ ಇಂಗ್ಲಿಷರ ಆಳ್ವಿಕೆಗೆ ಒಳಗಾಗಿದ್ದ ದೇಶವದು. 1845ರಿಂದ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಬಂದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಜನ ಹಡಗು ಹತ್ತಿ ದೇಶಬಿಟ್ಟರು. ಭೂಮಿಯನ್ನೂ ಭಾಷೆಯನ್ನೂ ಕಳೆದುಕೊಂಡ ಆ ಜನಕ್ಕೆ ಉಳಿದದ್ದು ಕ್ಯಾಥೊಲಿಕ್ ಧರ್ಮ. ಶಾಲೆ, ಆಸ್ಪತ್ರೆ, ಅನಾಥಾಲಯಗಳನ್ನೆಲ್ಲ ಚರ್ಚು ನಡೆಸಿತು. ಆದ್ದರಿಂದ ಅಲ್ಲಿ ಧರ್ಮನಿಷ್ಠೆ ಮತ್ತು ದೇಶಾಭಿಮಾನ ಒಂದೇ ಹಗ್ಗದ ಎರಡು ಎಳೆಗಳಾದವು.

1922ರಲ್ಲಿ ಸ್ವಂತ ಸರಕಾರ ಬಂದ ಮೇಲೆ ಈ ನಂಬಿಕೆಯೇ ಕಾನೂನಾಯಿತು. 1935ರಲ್ಲಿ ಗರ್ಭನಿರೋಧಕಗಳ ಮಾರಾಟವೂ ಆಮದೂ ನಿಷಿದ್ಧವಾದವು. ಡಿ ವಲೇರಾ ಅವರ ನೇತೃತ್ವದಲ್ಲಿ ಬಂದ 1937ರ ಸಂವಿಧಾನ ಕ್ಯಾಥೊಲಿಕ್ ಚರ್ಚಿಗೆ ವಿಶೇಷ ಸ್ಥಾನ ಕೊಟ್ಟು, ವಿವಾಹವಿಚ್ಛೇದನವನ್ನು ನಿಷೇಧಿಸಿತು. 1951ರಲ್ಲಿ ಆರೋಗ್ಯಮಂತ್ರಿ ನೋಯೆಲ್ ಬ್ರೌನ್ ತಾಯಂದಿರಿಗೂ ಮಕ್ಕಳಿಗೂ ಉಚಿತ ಚಿಕಿತ್ಸೆಯ ಯೋಜನೆ ತಂದಾಗ, ಕುಟುಂಬದ ವಿಷಯದಲ್ಲಿ ಸರಕಾರ ಕೈಹಾಕಬಾರದೆಂದು ಬಿಷಪರು ವಿರೋಧಿಸಿದರು. ಮಂತ್ರಿಯೇ ರಾಜೀನಾಮೆ ಕೊಡಬೇಕಾಯಿತು.

ಆದರೆ ಕಾಲ ನಿಲ್ಲಲಿಲ್ಲ. 1961ರ ಕೊನೆಯ ದಿನ ಅಲ್ಲಿ ಟೆಲಿವಿಷನ್ ಆರಂಭವಾಯಿತು. 1967ರಲ್ಲಿ ಪ್ರೌಢಶಿಕ್ಷಣ ಉಚಿತವಾಯಿತು. 1971ರಲ್ಲಿ ಡಬ್ಲಿನ್ನಿನ ಕೆಲವು ಮಹಿಳೆಯರು ರೈಲಿನಲ್ಲಿ ಬೆಲ್‌ಫಾಸ್ಟಿಗೆ ಹೋಗಿ, ಗರ್ಭನಿರೋಧಕಗಳನ್ನು ತಂದು ಸುಂಕದ ಅಧಿಕಾರಿಗಳ ಎದುರಿಗೇ ಪ್ರದರ್ಶಿಸಿದರು. 1972ರಲ್ಲಿ ಜನರು ಭಾರಿ ಬಹುಮತದಿಂದ ಚರ್ಚಿನ ವಿಶೇಷ ಸ್ಥಾನವನ್ನು ಸಂವಿಧಾನದಿಂದ ತೆಗೆದುಹಾಕಿದರು. ಮದುವೆಯಾದ ಕೂಡಲೇ ಹೆಂಗಸರು ಸರಕಾರಿ ನೌಕರಿ ಬಿಡಬೇಕೆಂಬ ನಿಯಮ 1973ರಲ್ಲಿ ಹೋಯಿತು.

ಮನೆಯೊಳಗಿನ ಹಿಡಿತ ಹೀಗೆ ಸಡಿಲವಾಗುತ್ತಿದ್ದುದನ್ನು ಕಂಡು ಸಂಪ್ರದಾಯವಾದಿಗಳು ಎಚ್ಚೆತ್ತರು. ಇವರೆಲ್ಲ ಪಾದ್ರಿಗಳೆಂದು ತಿಳಿಯಬಾರದು. ವೈದ್ಯರು, ವಕೀಲರು, ಗೃಹಿಣಿಯರು ಮುಂದಾಳುಗಳಾಗಿದ್ದರು. ಗರ್ಭಪಾತ 1861ರ ಕಾನೂನಿನಿಂದಲೇ ಅಲ್ಲಿ ಅಪರಾಧವಾಗಿತ್ತು. ಆದರೂ 1973ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಗರ್ಭಪಾತಕ್ಕೆ ಹಕ್ಕು ಕೊಟ್ಟದ್ದನ್ನು ನೋಡಿ, ನಾಳೆ ನಮ್ಮ ನ್ಯಾಯಾಧೀಶರೂ ಹಾಗೆಯೇ ಮಾಡಿದರೆ ಎಂಬ ಶಂಕೆ ಅವರನ್ನು ಕಾಡಿತು. 1981ರಲ್ಲಿ ಚಳವಳಿ ಕಟ್ಟಿದರು. 1983ರ ಸೆಪ್ಟೆಂಬರ್ 7ರಂದು ನಡೆದ ಜನಮತಸಂಗ್ರಹದಲ್ಲಿ ನೂರಕ್ಕೆ 66.9 ಮತಗಳಿಂದ ಎಂಟನೆಯ ತಿದ್ದುಪಡಿ ಗೆದ್ದಿತು. ಗರ್ಭಸ್ಥ ಶಿಶುವಿನ ಜೀವಕ್ಕೂ ತಾಯಿಯ ಜೀವಕ್ಕೂ ಸಮಾನ ಹಕ್ಕು ಎಂದು ಸಂವಿಧಾನದಲ್ಲಿ ಬರೆಯಲಾಯಿತು. 1986ರಲ್ಲಿ ವಿಚ್ಛೇದನದ ಪ್ರಸ್ತಾಪವನ್ನೂ ಜನ ತಳ್ಳಿಹಾಕಿದರು. ಸಂಪ್ರದಾಯವಾದಿಗಳು ಪೂರ್ಣ ಗೆದ್ದಂತೆ ಕಂಡಿತು.

ಗೆದ್ದದ್ದು ಬರಹದಲ್ಲಿ, ಬದುಕು ಬೇರೆ ದಾರಿ ಹಿಡಿದಿತ್ತು. ಪ್ರತಿವರ್ಷವೂ ಸಾವಿರಾರು ಐರಿಷ್ ಹೆಂಗಸರು ಗುಟ್ಟಾಗಿ ಸಮುದ್ರ ದಾಟಿ ಇಂಗ್ಲೆಂಡಿನಲ್ಲಿ ಗರ್ಭಪಾತ ಮಾಡಿಸಿಕೊಂಡು ಬರುತ್ತಿದ್ದರು. 1992ರಲ್ಲಿ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದ ಹದಿನಾಲ್ಕರ ಬಾಲಕಿಯೊಬ್ಬಳನ್ನು ದೇಶಬಿಡದಂತೆ ಕೋರ್ಟು ತಡೆದಾಗ ಜನ ಬೀದಿಗಿಳಿದರು. ಸರ್ವೋಚ್ಚ ನ್ಯಾಯಾಲಯ ಆ ತಡೆಯನ್ನು ತೆಗೆಯಿತು. ಅದೇ ವರ್ಷ, ಗಾಲ್ವೇಯ ಬಿಷಪ್ ಏಮನ್ ಕೇಸಿ ಅವರಿಗೆ ಒಬ್ಬ ಮಗನಿದ್ದಾನೆಂಬ ಸಂಗತಿ ಹೊರಬಿತ್ತು. ಚರ್ಚಿನ ಆಶ್ರಯದ ಶಾಲೆಗಳಲ್ಲಿ ಮಕ್ಕಳು ಅನುಭವಿಸಿದ ಹಿಂಸೆಯ ವರದಿಗಳು ಒಂದೊಂದಾಗಿ ಬಂದವು. ಇತರರಿಗೆ ನೀತಿ ಹೇಳಿದವರ ಮಾತಿನ ತೂಕ ಇಳಿಯಿತು. 1995ರಲ್ಲಿ ವಿಚ್ಛೇದನಕ್ಕೆ ಒಪ್ಪಿಗೆ ಸಿಕ್ಕಿತು. ಅಂತರ ಕೇವಲ 9,114 ಮತ. ಆದರೆ ಎಂಟನೆಯ ತಿದ್ದುಪಡಿ ಮಾತ್ರ ಹಾಗೆಯೇ ಉಳಿಯಿತು.

ಈ ತಿದ್ದುಪಡಿಯ ಕೆಳಗೆ ಸಿಕ್ಕಿಕೊಂಡವಳು ನಮ್ಮ ಬೆಳಗಾವಿಯ ಹೆಣ್ಣುಮಗಳು. ದಂತವೈದ್ಯೆ ಸವಿತಾ ಹಾಲಪ್ಪನವರ, ವಯಸ್ಸು 31, ಪತಿಯೊಡನೆ ಗಾಲ್ವೇಯಲ್ಲಿದ್ದಳು. 2012ರ ಅಕ್ಟೋಬರ್ 21ರಂದು, ಹದಿನೇಳು ವಾರಗಳ ಗರ್ಭಿಣಿ, ಬೆನ್ನುನೋವೆಂದು ಆಸ್ಪತ್ರೆ ಸೇರಿದಳು. ಗರ್ಭ ಉಳಿಯದೆಂದು ವೈದ್ಯರೇ ಹೇಳಿದರು. ಹಾಗಾದರೆ ತೆಗೆದುಬಿಡಿ ಎಂದು ದಂಪತಿ ಬೇಡಿಕೊಂಡರು. ಶಿಶುವಿನ ಹೃದಯ ಮಿಡಿಯುತ್ತಿರುವ ತನಕ ಸಾಧ್ಯವಿಲ್ಲವೆಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶವೆಂದು ಸೂಲಗಿತ್ತಿ ನರ್ಸ್ ಒಬ್ಬರು ಹೇಳಿದ್ದೂ ವಿಚಾರಣೆಯಲ್ಲಿ ಹೊರಬಂದಿತು. ನಂಜು ರಕ್ತಕ್ಕೇರಿ ಅಕ್ಟೋಬರ್ 28ರಂದು ಸವಿತಾ ತೀರಿಕೊಂಡಳು. ಆ ಧರ್ಮದವಳೂ ಅಲ್ಲ, ಆ ನಾಡಿನವಳೂ ಅಲ್ಲ.

ಸಂಪ್ರದಾಯವಾದಿಗಳು ಇದಕ್ಕೆ ಕೊಟ್ಟ ಉತ್ತರವನ್ನೂ ಕೇಳಬೇಕು. ಸಾವಿಗೆ ಕಾರಣ ಕಾನೂನಲ್ಲ, ನಂಜನ್ನು ಸಕಾಲದಲ್ಲಿ ಗುರುತಿಸದ ಆಸ್ಪತ್ರೆಯ ಲೋಪ ಎಂದರು. ಲೋಪಗಳಿದ್ದುದು ನಿಜ, ಅಧಿಕೃತ ವರದಿಗಳು ಅವನ್ನು ಪಟ್ಟಿಮಾಡಿವೆ. ಆದರೆ ಮೊದಲ ದಿನಗಳಲ್ಲೇ ಗರ್ಭ ತೆಗೆದಿದ್ದರೆ ಆಕೆ ಬಹುಶಃ ಬದುಕುತ್ತಿದ್ದಳು, ಆಗ ಕಾನೂನು ಅಡ್ಡಬಂದಿತು ಎಂದು ಡಬ್ಲಿನ್ನಿನ ಹಿರಿಯ ಪ್ರಸೂತಿತಜ್ಞ ಪೀಟರ್ ಬಾಯ್ಲನ್ 2013ರ ವಿಚಾರಣೆಯಲ್ಲಿ ಸಾಕ್ಷ್ಯ ನುಡಿದರು. ಎರಡೂ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡುವುದು ನ್ಯಾಯ.

ಮುಂದಿನದು ತಿಳಿದದ್ದೇ. 2018ರ ಮೇ 25ರಂದು ನೂರಕ್ಕೆ 66.4 ಮತದಾರರು ಎಂಟನೆಯ ತಿದ್ದುಪಡಿಯನ್ನು ಕಿತ್ತುಹಾಕಿದರು. 1983ರಲ್ಲಿ ಅದನ್ನು ತಂದ ಬಹುಮತ ಎಷ್ಟಿತ್ತೋ ತೆಗೆದದ್ದೂ ಹೆಚ್ಚುಕಡಿಮೆ ಅಷ್ಟೇ. ಡಬ್ಲಿನ್ನಿನ ಗೋಡೆಯೊಂದರ ಮೇಲಿದ್ದ ಸವಿತಾಳ ಚಿತ್ರದ ಸುತ್ತ ಜನ ಚೀಟಿಗಳನ್ನು ಅಂಟಿಸಿ, ಹೂವಿಟ್ಟು ಹೋದರು. ಸೋತವರಲ್ಲಿ ಕೆಲವರು 2019ರಲ್ಲಿ 'ಆಂಟು' ಎಂಬ ಹೊಸ ಪಕ್ಷ ಕಟ್ಟಿಕೊಂಡರು. ಡಬ್ಲಿನ್ನಿನ ಆರ್ಚ್‌ಬಿಷಪ್ ಡೈರ್ಮಿಡ್ ಮಾರ್ಟಿನ್ ಅವರಂತೂ 2015ರಲ್ಲಿ ಸಲಿಂಗಿಗಳ ವಿವಾಹಕ್ಕೆ ಜನ ಒಪ್ಪಿದಾಗಲೇ, ಚರ್ಚು ವಾಸ್ತವವನ್ನು ಕಣ್ತೆರೆದು ನೋಡಬೇಕೆಂದಿದ್ದರು. ಹಾಗೆಂದು ಆ ಜನ ಹೊಸದನ್ನೆಲ್ಲ ಕಣ್ಣುಮುಚ್ಚಿ ಒಪ್ಪುವವರೂ ಅಲ್ಲ. ಕುಟುಂಬದ ವ್ಯಾಖ್ಯೆಯನ್ನು ಬದಲಿಸುವ ಪ್ರಸ್ತಾಪವನ್ನು 2024ರಲ್ಲಿ ದೊಡ್ಡ ಬಹುಮತದಿಂದ ತಿರಸ್ಕರಿಸಿದರು.

ನಮ್ಮಲ್ಲಿ ಹೀಗಾಗಲಿಲ್ಲವೆಂದು ಬೀಗುವ ಮುನ್ನ ಮುಂಬಯಿಯ ಇತಿಹಾಸವನ್ನು ನೆನೆಯೋಣ. ಇಲ್ಲಿಯ ಬೆಹ್ರಾಮ್‌ಜಿ ಮಲಬಾರಿ 1884ರಿಂದ ಬಾಲ್ಯವಿವಾಹದ ವಿರುದ್ಧ ಬರೆದರು. ಕಲ್ಕತ್ತೆಯಲ್ಲಿ ಫೂಲ್‌ಮಣಿ ಎಂಬ ಎಳೆಯ ವಧು ಗಂಡನ ಬಲಾತ್ಕಾರದಿಂದ ಸತ್ತ ಮೇಲೆಯೇ, 1891ರಲ್ಲಿ ಹುಡುಗಿಯರ ಸಮ್ಮತಿಯ ವಯಸ್ಸು ಹತ್ತರಿಂದ ಹನ್ನೆರಡಕ್ಕೆ ಏರಿತು. ಲೋಕಮಾನ್ಯ ತಿಲಕರಂಥವರೇ, ಪರಕೀಯ ಸರಕಾರ ನಮ್ಮ ಧರ್ಮದಲ್ಲಿ ಕೈಹಾಕಬಾರದೆಂದು ಅದನ್ನು ವಿರೋಧಿಸಿದ್ದರು. ಅಲ್ಲಿಯಂತೆ ಇಲ್ಲಿಯೂ ಕಾನೂನು ಅಲುಗಾಡಲು ಒಬ್ಬ ಹೆಣ್ಣಿನ ಜೀವ ಹೋಗಬೇಕಾಯಿತು.

ಗರ್ಭಪಾತದ ವಿಷಯದಲ್ಲಿ ನಾವು ಮುಂದಿದ್ದೆವು. ಮಹಾರಾಷ್ಟ್ರದ ಶಾಂತಿಲಾಲ್ ಶಾ ಅವರ ಸಮಿತಿಯ ವರದಿಯನ್ನನುಸರಿಸಿ 1971ರಲ್ಲೇ ಉದಾರವಾದ ಕಾನೂನು ಬಂದಿತ್ತು. ಆದರೆ ಗಂಡುಮಗುವಿನ ಹಂಬಲವಿದ್ದ ಮನೆಗಳಲ್ಲಿ ಹೆಣ್ಣುಭ್ರೂಣಗಳ ಹತ್ಯೆ ನಡೆಯಿತು. ಅದನ್ನು ತಡೆಯಲು 1988ರಲ್ಲಿ ಮಹಾರಾಷ್ಟ್ರವೇ ದೇಶದಲ್ಲಿ ಮೊದಲು ಭ್ರೂಣಲಿಂಗ ಪತ್ತೆಗೆ ಕಡಿವಾಣ ಹಾಕಬೇಕಾಯಿತು. ಬಿಗಿಯಾದ ಕಾನೂನು ಐರ್ಲೆಂಡಿನ ಮನೆಗಳಲ್ಲಿ ಮೌಲ್ಯವನ್ನು ಉಳಿಸಲಿಲ್ಲ. ಉದಾರವಾದ ಕಾನೂನು ನಮ್ಮ ಮನೆಗಳಲ್ಲಿ ಮೌಲ್ಯವನ್ನು ಹುಟ್ಟಿಸಲಿಲ್ಲ.

ಊರು ಬಿಟ್ಟು ಬಂದ ನಾವು ಸಂಪ್ರದಾಯವನ್ನು ತುಸು ಬಿಗಿಯಾಗಿಯೇ ಹಿಡಿಯುತ್ತೇವೆ. ಬಿಟ್ಟುಬಂದ ವರ್ಷದ ಊರೇ ನಮಗೆ ಆದರ್ಶ. ಅದು ಸಹಜ, ಐರಿಷರಿಗೂ ಹಾಗೆಯೇ ಆಯಿತು. ಪ್ರಿಯವಾದುದನ್ನು ಉಳಿಸಿಕೊಳ್ಳುವುದು ತಪ್ಪಲ್ಲ. ಆದರೆ ಮಕ್ಕಳಿಗೆ ತಿಳಿಹೇಳುವ, ಸ್ವತಃ ನಡೆದು ತೋರಿಸುವ ಕಷ್ಟದ ಕೆಲಸವನ್ನು ಬಿಟ್ಟು ಕಟ್ಟಳೆಯ ಬೀಗ ಹಾಕಿ ನಿಶ್ಚಿಂತರಾಗುವ ಮುನ್ನ, ಆ ಬಾಗಿಲಿನ ಹಿಂದೆ ಯಾರ ಮಗಳು ಸಿಕ್ಕಿಕೊಂಡಾಳು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಬೆಳಗಾವಿಯ ಒಂದು ಮನೆ ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ.