ಶ್ರೀರಂಗಪಟ್ಟಣದ ಹುಲಿ, ಸೌತ್ ಕೆನ್ಸಿಂಗ್ಟನ್ನಿನ ಶಾಮಿಯಾನ

ಊರಿನಿಂದ ಬಂದ ಹಿರಿಯರಿಗೆ ಲಂಡನ್ ತೋರಿಸುವ ಭಾಗ್ಯ ನಮ್ಮಲ್ಲಿ ಯಾರಿಗೂ ತಪ್ಪಿದ್ದಲ್ಲ. ಟವರ್ ಬ್ರಿಡ್ಜ್, ರಾಣಿಯ ಅರಮನೆ, ಮೇಣದ ಬೊಂಬೆಗಳು ಎಲ್ಲವೂ ಮುಗಿದು ಕಾಲು ಸೋತ ಮೇಲೆ, ‘ಟಿಪ್ಪುವಿನ ಹುಲಿ ಇಲ್ಲೇ ಇದೆಯಂತಲ್ಲ?’ ಎಂದು ಅವರೇ ಕೇಳುತ್ತಿದ್ದರು. ಆಗ ನಮಗೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ನೆನಪಾಗುತ್ತಿತ್ತು. ವರ್ಷಗಟ್ಟಲೆ ಈ ನಗರದಲ್ಲಿದ್ದೂ ನಮ್ಮಷ್ಟಕ್ಕೆ ನಾವೇ ಅಲ್ಲಿಗೆ ಹೋದವರಲ್ಲ. ಹೋಗಿದ್ದೆಲ್ಲ ನೆಂಟರ ನೆವದಿಂದ.

ಹೀಗೆ ಒಮ್ಮೆ ನಮ್ಮ ಸಂಘದ ಗೆಳೆಯರೊಬ್ಬರ ಅತ್ತೆಯವರು, ಮಂಡ್ಯದ ಕಡೆಯವರು, ನಮ್ಮ ಜೊತೆ ಬಂದಿದ್ದರು. ಹುಲಿಯ ಮುಂದೆ ಬಹಳ ಹೊತ್ತು ನಿಂತರು. ‘ಕೂಗ್ತದೆ ಅಂದ್ರಲ್ಲ, ಎಲ್ಲಿ?’ ಎಂದರು. ಈಗ ಅದನ್ನು ಕೂಗಿಸುವುದಿಲ್ಲ, ಹಳೆಯದಾಗಿದೆ, ಕೆಟ್ಟುಹೋಗುತ್ತದೆ ಎಂದು ನಾವು ವಿವರಿಸಿದೆವು. ‘ಅದ್ಕೇ ಗಾಜೊಳಗೆ ಮಡಗವ್ರೆ, ಕೂಗದಂಗೆ’ ಎಂದು ಅವರು ಸೆರಗು ಸರಿಪಡಿಸಿಕೊಂಡು ಮುಂದೆ ನಡೆದರು. ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಗೆ ಏನಾದರೂ ಬರೆಯಿರಿ ಎಂದಾಗ ನಮಗೆ ಮೊದಲು ಹೊಳೆದದ್ದು ಆ ಮಾತು.

ಹುಲಿ ಮೊದಲಿನಿಂದ ಮೌನವಾಗಿರಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಮಡಿದ ಮೇಲೆ, ಅರಮನೆಯ ವಾದ್ಯಗಳ ಕೋಣೆಯಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿದ್ದು ಅದು. ಸುಮಾರು ಒಂದೂಮುಕ್ಕಾಲು ಮೀಟರ್ ಉದ್ದದ ಮರದ ಹುಲಿ, ಅದರ ಕೆಳಗೆ ಅಂಗಾತ ಬಿದ್ದ ಕೆಂಪು ಕೋಟಿನ ಬಿಳಿಯ. ಪಕ್ಕದ ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಒತ್ತುತ್ತವೆ. ಬಿದ್ದವನ ಕೈ ಮೇಲೆ ಕೆಳಗೆ ಆಡುತ್ತದೆ, ಅವನು ನರಳುತ್ತಾನೆ, ಹುಲಿ ಗುರುಗುಟ್ಟುತ್ತದೆ. ಹೊಟ್ಟೆಯ ಬಾಗಿಲು ತೆಗೆದರೆ ನಮ್ಮ ಹಾರ್ಮೋನಿಯಂನಂತೆ ನುಡಿಸಲು ಮನೆಗಳೂ ಇವೆ. ಕಂಪನಿಯವರು ಅದನ್ನು ಹಡಗು ಹತ್ತಿಸಿ ತಂದು 1808ರಲ್ಲಿ ಲೆಡನ್‌ಹಾಲ್ ಬೀದಿಯ ತಮ್ಮ ಕಚೇರಿಯ ವಾಚನಾಲಯದಲ್ಲಿ ಜನರ ನೋಟಕ್ಕೆ ಇಟ್ಟರು. ಬಂದವರೆಲ್ಲ ಹಿಡಿಕೆ ತಿರುಗಿಸಿದ್ದೇ ತಿರುಗಿಸಿದ್ದು! ಪಕ್ಕದಲ್ಲಿ ಪುಸ್ತಕ ಹಿಡಿದು ಕೂತ ವಿದ್ವಾಂಸರಿಗೆ ಈ ಗರ್ಜನೆಯಿಂದ ತಲೆ ಚಿಟ್ಟುಹಿಡಿದಿತ್ತೆಂದು ಅಂದಿನ ಪತ್ರಿಕೆಯೊಂದು ದೂರಿದೆ. 1840ರ ದಶಕದ ಹೊತ್ತಿಗೆ ಹಿಡಿಕೆಯೇ ಕಾಣೆಯಾಗಿತ್ತು. ಯಾವ ವಿದ್ವಾಂಸರ ಕೈವಾಡವೋ!

ಹಾಗೆ ನೋಡಿದರೆ ಹುಲಿಯ ಸುತ್ತ ನಡೆದದ್ದೂ ಒಂದು ಸಾರ್ವಜನಿಕ ಕಾರ್ಯಕ್ರಮವೇ. ಆದರೆ ಸಾಮಾನ್ಯ ಜನರನ್ನು ಯೋಚಿಸಿ, ಬೇಕೆಂದೇ ಒಳಗೆ ಕರೆದ ಮ್ಯೂಸಿಯಂ ಹುಟ್ಟಿದ್ದು ಆಮೇಲೆ. 1851ರ ಮಹಾ ಪ್ರದರ್ಶನ ಮುಗಿದಾಗ ಸರ್ಕಾರ 5,000 ಪೌಂಡ್ ಕೊಟ್ಟು ಅಲ್ಲಿಯ ಉತ್ತಮ ವಸ್ತುಗಳನ್ನು ಕೊಳ್ಳಿಸಿತು. ಅವುಗಳಲ್ಲಿ ಭಾರತದ ವಸ್ತುಗಳೂ ಸಾಕಷ್ಟಿದ್ದವು. ಬಣ್ಣ, ವಿನ್ಯಾಸಗಳ ಔಚಿತ್ಯವನ್ನು ಇಂಗ್ಲಿಷ್ ಕುಶಲಕರ್ಮಿಗಳು ನಮ್ಮ ನೇಕಾರರಿಂದ ಕಲಿಯಲಿ ಎಂಬುದು ಕೊಂಡವರ ಆಸೆ. ಇದರ ಮುಂದಾಳು ಹೆನ್ರಿ ಕೋಲ್. 1857ರಲ್ಲಿ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಮ್ಯೂಸಿಯಂ ತೆರೆದಾಗ ಕೋಲ್ ಗ್ಯಾಸ್ ದೀಪ ಹಾಕಿಸಿ ಸಂಜೆಯೂ ಬಾಗಿಲು ತೆರೆದಿಟ್ಟರು. ಹಗಲೆಲ್ಲ ದುಡಿಯುವವನು ಮಧ್ಯಾಹ್ನ ಮೂರಕ್ಕೆ ಹೇಗೆ ಬಂದಾನು? ವಾರದಲ್ಲಿ ಮೂರು ದಿನ ಪುಕ್ಕಟೆ; ಉಳಿದ ದಿನ ಆರು ಪೆನ್ನಿ, ಕೂತು ಚಿತ್ರ ಬರೆಯುವ ವಿದ್ಯಾರ್ಥಿಗಳಿಗೆ ನೂಕುನುಗ್ಗಲಾಗದಿರಲೆಂದು. ಹೆಂಡತಿ ಮಕ್ಕಳ ಸಮೇತ ಸಂಜೆ ಇಲ್ಲಿಗೆ ಬಂದವನು ಹೆಂಡದಂಗಡಿಗೆ ಹೋಗಲಾರ ಎಂಬ ಲೆಕ್ಕವೂ ಕೋಲ್ ಅವರಿಗಿತ್ತು. ಊಟದ ಕೋಣೆಯನ್ನೂ ಸೇರಿಸಿದರು. ಜಗತ್ತಿನ ಮ್ಯೂಸಿಯಂಗಳಲ್ಲಿ ಅದೇ ಮೊದಲನೆಯ ಉಪಾಹಾರ ಗೃಹ ಎಂದು ಅಲ್ಲಿಯವರು ಹೆಮ್ಮೆಪಡುತ್ತಾರೆ. ಹೊಟ್ಟೆಗೆ ಹಾಕದೆ ಯಾವ ಕಾರ್ಯಕ್ರಮವೂ ಗೆಲ್ಲದು ಎಂಬುದನ್ನು ನಮ್ಮ ಸಂಘದ ಕಾರ್ಯಕಾರಿ ಸಮಿತಿಗೆ ಹೇಳಿಕೊಡಬೇಕಾಗಿಲ್ಲ.

ಈ ದುಡಿಯುವವರ ಮೇಲಿನ ಕಾಳಜಿಯಲ್ಲಿ ಸ್ವಲ್ಪ ಮೇಷ್ಟ್ರುಗಿರಿಯೂ ಇತ್ತು, ನಿಜ. ನಿಮಗೇನು ಒಳ್ಳೆಯದೆಂದು ನಮಗೆ ಗೊತ್ತು, ಬಂದು ನೋಡಿ ಸುಧಾರಿಸಿಕೊಳ್ಳಿ ಎನ್ನುವ ಧ್ವನಿ. ಆದರೂ ಬಾಗಿಲು ತೆರೆದದ್ದು ತೆರೆದದ್ದೇ. ಮೊದಲ ಕಬ್ಬಿಣದ ಕಟ್ಟಡದ ಒಂದಿಷ್ಟು ಭಾಗವನ್ನು ಬಿಚ್ಚಿ, ಬಡವರೇ ಹೆಚ್ಚಾಗಿದ್ದ ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್‌ಗೆ ಒಯ್ದು, 1872ರಲ್ಲಿ ಅಲ್ಲೊಂದು ಶಾಖೆ ತೆರೆದರು. 1896ರಿಂದ ಭಾನುವಾರವೂ ಪ್ರವೇಶ. 1899ರಲ್ಲಿ ಈಗಿನ ಹೆಸರು ಬಂತು. ಮೊದಲನೆಯ ಮಹಾಯುದ್ಧದ ನಡುವೆ ಮಕ್ಕಳಿಗಾಗಿ ರಜಾದಿನದ ಕೋಣೆಯೊಂದನ್ನು ತೆರೆದು, ಶಿಕ್ಷಕಿಯರ ನೆರವಿನಿಂದ ಚಿತ್ರ ಬರೆಯಿಸಿ ಕತೆ ಹೇಳಿದರು. ಅಪ್ಪಂದಿರು ಯುದ್ಧಭೂಮಿಯಲ್ಲಿದ್ದ ಕಾಲ.

ನಮ್ಮ ಹುಲಿ ಇಲ್ಲಿಗೆ ಬಂದದ್ದು 1879–80ರ ಸುಮಾರಿಗೆ, ಕಂಪನಿಯ ಹಳೆಯ ಇಂಡಿಯಾ ಮ್ಯೂಸಿಯಂ ಮುಚ್ಚಿ ಅದರ ಸಾಮಾನು ಹಂಚಿಹೋದಾಗ. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಮೇಲಿನ ಚಾವಣಿ ಕುಸಿದು ಹುಲಿ ನೂರಾರು ಚೂರಾಯಿತು. ಚೂರುಗಳನ್ನು ಆಯ್ದು ಜೋಡಿಸಿ 1947ರ ವೇಳೆಗೆ ಮತ್ತೆ ನಿಲ್ಲಿಸಿದರು. ಅದೇ ವರ್ಷ ನಮ್ಮ ದೇಶ ಸ್ವತಂತ್ರವಾಯಿತು. ಹುಲಿಗೆ ಮಾತ್ರ ಬಿಡುಗಡೆ ಬರಲಿಲ್ಲ. ಅದನ್ನು ಹಿಂದಕ್ಕೆ ಕೊಡಬೇಕೋ ಬೇಡವೋ ಎಂದು ನಮ್ಮ ಮನೆಗಳಲ್ಲಿ ಊಟದ ಮೇಜಿನ ಸುತ್ತ ನಡೆದ ವಾದಗಳಿಗೆ ಲೆಕ್ಕವಿಲ್ಲ. ಕೊಳ್ಳೆಹೊಡೆದ ವಸ್ತು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಅದು ಇಲ್ಲಿರುವಷ್ಟು ಕಾಲ ನಮ್ಮ ಮಕ್ಕಳಿಗೆ ಅದರೊಡನೆ ಏನು ನಂಟು ಎಂಬ ಇನ್ನೊಂದು ಪ್ರಶ್ನೆಯನ್ನು ಮಾತ್ರ ನಾವು ಬಹಳ ದಿನ ಕೇಳಿಕೊಳ್ಳಲೇ ಇಲ್ಲ.

ಆ ಪ್ರಶ್ನೆಯನ್ನು ಕೇಳಿಕೊಂಡವರು ಬೇರೊಬ್ಬರು. 1990ರಲ್ಲಿ ಮ್ಯೂಸಿಯಂನಲ್ಲಿ ನೆಹರೂ ಹೆಸರಿನ ಭಾರತೀಯ ಕಲಾ ಗ್ಯಾಲರಿ ತೆರೆಯಿತು. ದಕ್ಷಿಣ ಏಷ್ಯಾದ ಜನರನ್ನು ಅದರೊಳಗೆ ಕರೆತರುವ ಹೊಣೆ ಶಿರೀನ್ ಅಕ್ಬರ್ ಎಂಬ ಮಹಿಳೆಯದು. ಪೂರ್ವ ಲಂಡನ್ನಿನ ಬಂಗಾಳಿ ಕುಟುಂಬಗಳ ನಡುವೆ ಶಿಕ್ಷಣದ ಕೆಲಸ ಮಾಡಿ ಬಂದವರು. ಈ ದೇಶಕ್ಕೆ ಗಂಡಂದಿರ ಹಿಂದೆ ಬಂದು, ಇಂಗ್ಲಿಷ್ ಬಾರದೆ, ಮನೆ, ಅಂಗಡಿ, ಶಾಲೆಯ ಗೇಟು ಬಿಟ್ಟು ಬೇರೇನನ್ನೂ ಕಾಣದ ಹೆಂಗಸರು ಎಷ್ಟಿದ್ದಾರೆ, ಅವರ ಕೈಯಲ್ಲಿ ಎಂಥ ಸೂಜಿಯ ಕೆಲಸವಿದೆ ಎಂಬುದನ್ನು ಅವರು ಬಲ್ಲರು. ಉಪನ್ಯಾಸ ಏರ್ಪಡಿಸಿದರೆ ಅವರು ಬರಲಾರರು. 1991ರಲ್ಲಿ ಅಕ್ಬರ್ ಅವರು ಅಂಥ ಹೆಂಗಸರನ್ನು ಗುಂಪು ಗುಂಪಾಗಿ ಗ್ಯಾಲರಿಗೆ ಕರೆದು, ಮೊಗಲರ ಕಾಲದ ಬಟ್ಟೆ, ಚಿತ್ರ, ಹೂಬಳ್ಳಿಗಳನ್ನು ನಿಧಾನವಾಗಿ ತೋರಿಸಿ, ನೀವೇ ಒಂದು ಡೇರೆಯ ಪರದೆ ಕಸೂತಿ ಮಾಡಿ ಎಂದರು. ಯೋಜನೆಯ ಹೆಸರು ‘ಶಾಮಿಯಾನ’.

ಶಾಮಿಯಾನ ಎಂದರೆ ನಮಗೆ ಮದುವೆ ಮನೆ, ಮಡಚುವ ಕುರ್ಚಿ, ಹಿಂದೆ ಅಡುಗೆಯ ಹೊಗೆ. ಅವರ ಶಾಮಿಯಾನದಲ್ಲಿ ಗುಂಪಿಗೊಂದು ಪರದೆ. ಒಬ್ಬರದು ಬಿಟ್ಟುಬಂದ ಊರಿನ ನದಿ, ಮರ, ನವಿಲು. ಇನ್ನೊಬ್ಬರದು ಈಗಿರುವ ಊರು. ಲಂಡನ್ನಿನಿಂದ ಶುರುವಾದದ್ದು ಇಂಗ್ಲೆಂಡಿನ ಬೇರೆ ಊರುಗಳಿಗೂ ಹೊರದೇಶಗಳಿಗೂ ಹಬ್ಬಿ, ನೂರಾರು ಹೆಂಗಸರು, ಮಕ್ಕಳು ಸೇರಿಕೊಂಡರು. 1997ರಲ್ಲಿ ಆ ಪರದೆಗಳನ್ನೆಲ್ಲ ಮ್ಯೂಸಿಯಂನಲ್ಲೇ ಪ್ರದರ್ಶಿಸಿದರು. ಬಾಗಿಲಲ್ಲಿ ಹಿಂಜರಿಯುತ್ತಿದ್ದವರ ಕೈಕೆಲಸ ಚಕ್ರವರ್ತಿಗಳ ವಸ್ತುಗಳ ಮನೆಯಲ್ಲೇ ತೂಗಿತು. ಅಕ್ಬರ್ ಅವರು ತೀರಿಕೊಂಡದ್ದೂ ಅದೇ ವರ್ಷ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಆರು ವರ್ಷಗಳಲ್ಲಿ ನಮ್ಮ ಬಳಗದಿಂದ ಒಬ್ಬರೂ ಅಲ್ಲಿಗೆ ಹೋಗಲಿಲ್ಲ. ಯುಗಾದಿ, ರಾಜ್ಯೋತ್ಸವ, ಗಣೇಶನ ಹಬ್ಬ, ನಾಟಕದ ರಿಹರ್ಸಲ್ಲು, ಹಾಲಿನ ಬಾಡಿಗೆ ಇವುಗಳಲ್ಲೇ ಮುಳುಗಿದ್ದೆವು. ಮೊಗಲರ ಡೇರೆ ನಮಗೇಕೆ ಎಂದೂ ಅನ್ನಿಸಿರಬೇಕು. 1996ರಲ್ಲಿ ಮ್ಯೂಸಿಯಂ ಪ್ರವೇಶಕ್ಕೆ ಶುಲ್ಕ ಬೇರೆ ಹಾಕಿತು (2001ರಲ್ಲಿ ತೆಗೆದರು). ನಾಲ್ಕು ಜನರ ಸಂಸಾರಕ್ಕೆ ಅದೊಂದು ನೆಪವಾಯಿತು. ಅಷ್ಟೂ ದಿನ ನಮ್ಮ ಧಾರವಾಡದ ಗೆಳತಿಯೊಬ್ಬರ ಸೂಟ್‌ಕೇಸಿನಲ್ಲಿ ಅವರ ತಾಯಿ ಕಸೂತಿ ಹಾಕಿದ ಇಳಕಲ್ ಸೀರೆ ನುಸಿಗುಳಿಗೆಯ ವಾಸನೆಯಲ್ಲಿ ಮಡಚಿಕೊಂಡು ಮಲಗಿತ್ತು. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಹೊಲಿಗೆಗಳು. ಗೋಪುರ, ತುಳಸಿಕಟ್ಟೆ, ಆನೆಗಳು. ಬಟ್ಟೆಯ ಮೇಲೆ ಪೆನ್ಸಿಲ್ ಗೀಟು ಕೂಡ ಇಲ್ಲದೆ, ಎಳೆ ಎಣಿಸಿ ಹಾಕಿದ್ದು. ಗವಂತಿ, ಮುರ್ಗಿಗಳಲ್ಲಂತೂ ಹಿಂದು ಮುಂದು ಒಂದೇ. ಆ ಸೀರೆಯನ್ನು ನೆಹರೂ ಗ್ಯಾಲರಿಯ ಯಾವ ಬಟ್ಟೆಯ ಪಕ್ಕದಲ್ಲಿ ಹಿಡಿದಿದ್ದರೂ ತಲೆತಗ್ಗಿಸಬೇಕಾಗಿರಲಿಲ್ಲ. ಶಾಮಿಯಾನದಲ್ಲಿ ಒಂದು ಪರದೆಯ ಮೇಲೆ ತುಳಸಿಕಟ್ಟೆ ಇರಬಹುದಾಗಿತ್ತು.

ನಮಗೆ ಬುದ್ಧಿ ತಡವಾಗಿ ಬಂತು. ಸಂಘದ ಶನಿವಾರದ ಕನ್ನಡ ತರಗತಿಯ ಮಕ್ಕಳನ್ನು ಒಮ್ಮೆ ಕಾಗದ, ಪೆನ್ಸಿಲ್ ಕೊಟ್ಟು ಹುಲಿಯ ಮುಂದೆ ನೆಲದ ಮೇಲೆ ಕೂರಿಸಿದೆವು. ಉಪನ್ಯಾಸ ಬೇಡ, ನೋಡಿ ಬರೆಯಿರಿ ಎಂದೆವು. ಅರ್ಧ ಗಂಟೆ ಸದ್ದೇ ಇಲ್ಲ! ಆಮೇಲೆ ಪ್ರಶ್ನೆಗಳ ಮಳೆ. ಹುಲಿಗೆ ಕಿವಿ ಎಷ್ಟು ಚಿಕ್ಕದು, ಬಿದ್ದವನ ಟೋಪಿ ಯಾಕೆ ಉರುಳಿಲ್ಲ, ಮಂಡ್ಯ ಎಲ್ಲಿದೆ, ಯಾರು ಮೊದಲು ಹೊಡೆದರು. ಕೆಲವಕ್ಕೆ ನಮ್ಮಲ್ಲಿ ಉತ್ತರವಿತ್ತು. ಎಂಟು ವರ್ಷದ ಹುಡುಗಿಯೊಬ್ಬಳು ಗಾಜಿನ ಪೆಟ್ಟಿಗೆಯನ್ನು ಬರೆದೇ ಇರಲಿಲ್ಲ. ಯಾಕಮ್ಮಾ ಎಂದರೆ, ‘ಹಿಡಿಕೆ ತಿರುಗಿಸೋಕೆ ಕೈ ಹೋಗಬೇಕಲ್ಲ ಆಂಟಿ’ ಎಂದಳು.

ಆ ಧಾರವಾಡದ ಗೆಳತಿ ಈಗ ತಿಂಗಳಿಗೊಂದು ಭಾನುವಾರ ಹಾಲಿನ ಮೂಲೆಯಲ್ಲಿ ಐದಾರು ಮಕ್ಕಳಿಗೆ ಕಸೂತಿ ಹೇಳಿಕೊಡುತ್ತಾರೆ. ಎಳೆ ಎಣಿಸುವಾಗ ಮಕ್ಕಳು ಇಂಗ್ಲಿಷಿನಲ್ಲಿ ಶುರುಮಾಡುತ್ತಾರೆ, ಅವರು ಒಂದು ಎರಡು ಎಂದು ತಿದ್ದುತ್ತಾರೆ. ಇಬ್ಬರು ಗಂಡುಹುಡುಗರೂ ಇದ್ದಾರೆ. ಸೂಜಿಗಳು ಬಹಳ ಕಳೆದುಹೋಗುತ್ತಿವೆ. ಹಾಲಿನಲ್ಲಿ ಬರಿಗಾಲಲ್ಲಿ ಓಡಾಡುವವರು ದಯವಿಟ್ಟು ನೋಡಿಕೊಂಡು ನಡೆಯಿರಿ.