ನೆಲದ ಮೇಲೆ ಬರೆದ ಹೆಸರುಗಳು: ಡಿಸ್ಟ್ರಿಕ್ಟ್ ಸಿಕ್ಸ್ ವಸ್ತುಸಂಗ್ರಹಾಲಯ



ವಸ್ತುಸಂಗ್ರಹಾಲಯವೆಂದೊಡನೆ ಅರಸರ ಖಡ್ಗ, ನಾಣ್ಯ, ತಾಮ್ರಪಟ, ಭಗ್ನಶಿಲ್ಪಗಳು ನಮ್ಮ ನೆನಪಿಗೆ ಬರುತ್ತವೆ. ಗಾಜಿನ ಪೆಟ್ಟಿಗೆಯಲ್ಲಿರುವುದನ್ನು ದೂರದಿಂದ ನೋಡಿ ಮರಳುವುದು ವಾಡಿಕೆ. ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದಲ್ಲಿ ಒಂದೇ ಒಂದು ಕೇರಿಯ ಚರಿತ್ರೆಗೆ ಮೀಸಲಾದ ಸಂಗ್ರಹಾಲಯವಿದೆ. ಅಲ್ಲಿನ ಮುಖ್ಯ ಪ್ರದರ್ಶನವೆಂದರೆ ನೆಲದ ಮೇಲೆ ಹಾಸಿದ ಒಂದು ನಕಾಶೆ. ಅದರ ಮೇಲೆ ಕಾಲಿಟ್ಟು ನಡೆಯಬಹುದು. ಆ ಕೇರಿಯವರಾದರೆ ತಮ್ಮ ಮನೆಯಿದ್ದ ಜಾಗವನ್ನು ಹುಡುಕಿ ಹೆಸರು ಬರೆಯಬಹುದು.

ಆ ಕೇರಿಯ ಹೆಸರು ಡಿಸ್ಟ್ರಿಕ್ಟ್ ಸಿಕ್ಸ್. 1867ರಲ್ಲಿ ಅದು ಕೇಪ್‌ಟೌನಿನ ಆರನೆಯ ಪೌರವಿಭಾಗವೆಂದು ಹೆಸರು ಪಡೆಯಿತು. ದಾಸ್ಯದಿಂದ ಬಿಡುಗಡೆಗೊಂಡವರ ಸಂತತಿ, ಕುಶಲಕರ್ಮಿಗಳು, ಬಂದರಿನ ಕೂಲಿಗಳು, ಸಣ್ಣ ವ್ಯಾಪಾರಿಗಳು, ದೂರದೇಶಗಳಿಂದ ಬಂದ ವಲಸಿಗರು ಅಲ್ಲಿ ಒಟ್ಟಿಗೆ ಬಾಳುತ್ತಿದ್ದರು. 1901ರಲ್ಲಿ ಪ್ಲೇಗಿನ ನೆಪದಲ್ಲಿ ಕಪ್ಪು ಆಫ್ರಿಕನ್ನರನ್ನು ಅಲ್ಲಿಂದ ಹೊರಹಾಕಲಾಯಿತು. ಮುಂದೆ ವರ್ಣಭೇದದ ಸರ್ಕಾರ 1950ರ ಕಾಯಿದೆಯ ಬಲದಿಂದ, 1966ರ ಫೆಬ್ರುವರಿ 11ರಂದು ಆ ಪ್ರದೇಶ ಬಿಳಿಯರಿಗೆ ಮಾತ್ರವೆಂದು ಘೋಷಿಸಿತು. ಅಂದಿನಿಂದ 1980ರ ದಶಕದ ಆರಂಭದವರೆಗೆ 60,000ಕ್ಕೂ ಹೆಚ್ಚು ಜನರನ್ನು ಒಕ್ಕಲೆಬ್ಬಿಸಿ, ನಗರದಾಚೆಯ ಮರಳುಬಯಲಾದ ಕೇಪ್ ಫ್ಲಾಟ್ಸಿಗೆ ಸಾಗಿಸಲಾಯಿತು. ಮನೆಗಳನ್ನು ಬುಲ್ಡೋಜರಿನಿಂದ ನೆಲಸಮಗೊಳಿಸಿದರು. ಪೂಜಾಮಂದಿರಗಳು ಬಹುಮಟ್ಟಿಗೆ ಉಳಿದವು. ಅವುಗಳ ಸುತ್ತಲಿನ ಮನೆಗಳು ಉಳಿಯಲಿಲ್ಲ.

ಊರೇ ಇಲ್ಲದ ಮೇಲೆ ಊರಿನ ಚರಿತ್ರೆಯನ್ನು ಕಾಪಾಡುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಒಕ್ಕಲೆದ್ದವರೇ ಹುಡುಕಿದರು. ಬರಿದಾದ ನೆಲವನ್ನು ಅನ್ಯರು ಕಬಳಿಸದಂತೆ ತಡೆಯಲು ನಡೆದ ಹೋರಾಟದ ಫಲವಾಗಿ 1989ರಲ್ಲಿ ಸಂಗ್ರಹಾಲಯದ ಪ್ರತಿಷ್ಠಾನ ರೂಪುಗೊಂಡಿತು. 1994ರ ಡಿಸೆಂಬರಿನಲ್ಲಿ ಬಾಯ್ಟನ್‌ಕಾಂಟ್ ಬೀದಿಯ ಹಳೆಯ ಮೆಥಡಿಸ್ಟ್ ಚರ್ಚಿನಲ್ಲಿ ಮೊದಲ ಪ್ರದರ್ಶನ ತೆರೆಯಿತು. ಕೆಡಹುವ ಕೆಲಸದ ಮೇಸ್ತ್ರಿಯೊಬ್ಬ ಬಚ್ಚಿಟ್ಟಿದ್ದ ಬೀದಿಗಳ ನಾಮಫಲಕಗಳು ಆ ಪ್ರದರ್ಶನದ ಜೀವಾಳವಾದವು. ಊರನ್ನು ಕೆಡವಿದ ಕೈಯೇ ಊರಿನ ಸಾಕ್ಷ್ಯವನ್ನೂ ಉಳಿಸಿತ್ತೆಂಬುದು ಇತಿಹಾಸದ ವಿಚಿತ್ರ. ಕೆಲವೇ ವಾರ ನಡೆಯಬೇಕಿದ್ದ ಆ ಪ್ರದರ್ಶನಕ್ಕೆ ಜನ ಬರುತ್ತಲೇ ಹೋದರು. ಅದನ್ನು ಮುಚ್ಚುವುದು ಸಾಧ್ಯವಾಗಲಿಲ್ಲ.

ಇಲ್ಲಿ ನಾವು ಗಮನಿಸಬೇಕಾದುದು ಆ ಸಂಸ್ಥೆಯ ಕಾರ್ಯವಿಧಾನ. ನಕಾಶೆಯಲ್ಲಿ ಒಬ್ಬರು ತಮ್ಮ ಮನೆಯನ್ನು ಗುರುತಿಸಿದರೆ, ನೆರೆಮನೆಯಲ್ಲಿದ್ದವರು ಬಂದು ತಮ್ಮ ಹೆಸರು ಸೇರಿಸುತ್ತಾರೆ. ಉದ್ದನೆಯ ಬಟ್ಟೆಯ ಮೇಲೆ ಬಂದವರು ಬರೆದ ಮಾತುಗಳನ್ನು ಬಳಿಕ ದಾರದಿಂದ ಕಸೂತಿ ಹಾಕಿ ಶಾಶ್ವತಗೊಳಿಸುತ್ತಾರೆ. ಪ್ರೇಕ್ಷಕರಿಗೆ ವಿವರಿಸುವ ಮಾರ್ಗದರ್ಶಕರಲ್ಲಿ ಅನೇಕರು ಅದೇ ಕೇರಿಯಲ್ಲಿ ಹುಟ್ಟಿ ಬೆಳೆದವರು. 'ಹೌಸ್ ಕೊಂಬೌಸ್', ಅಂದರೆ ಮನೆಯ ಅಡುಗೆಕೋಣೆ, ಎಂಬ ಕಾರ್ಯಕ್ರಮದಲ್ಲಿ ಹಿರಿಯರು ಕೂಡಿ ಹಳೆಯ ಅಡುಗೆಗಳನ್ನು ನೆನೆದರು, ಕಸೂತಿ ಹಾಕಿದರು. 2016ರಲ್ಲಿ ಅದು ಗ್ರಂಥವಾಗಿಯೂ ಹೊರಬಂದಿತು. ಫೆಬ್ರುವರಿ 11ರ ಸ್ಮರಣೆಯಲ್ಲಿ ಜನ ಕಲ್ಲುಗಳನ್ನು ಹಿಡಿದು ಆ ನೆಲಕ್ಕೆ ನಡೆದು, ಅಲ್ಲಿ ರಾಶಿಯಾಗಿ ಇರಿಸುತ್ತಾರೆ.

ಇವೆಲ್ಲ ಬರಿಯ ಭಾವುಕತೆಯೆಂದು ತಿಳಿಯಬಾರದು. 1994ರ ಭೂಹಕ್ಕು ಮರುಸ್ಥಾಪನೆಯ ಕಾಯಿದೆಯಂತೆ ನೆಲ ಕಳೆದುಕೊಂಡವರು ಅರ್ಜಿ ಸಲ್ಲಿಸಲು ಅವಕಾಶವಾದಾಗ, ಯಾರು ಎಲ್ಲಿ ವಾಸವಾಗಿದ್ದರೆಂಬ ನೆನಪಿಗೆ ಕಾನೂನಿನ ತೂಕ ಬಂದಿತು. ಬಾಡಿಗೆಗಿದ್ದ ಬಡವರ ಬಳಿ ಕಾಗದಪತ್ರಗಳು ಎಲ್ಲಿಂದ ಬರಬೇಕು? 1997ರಲ್ಲಿ ಭೂಹಕ್ಕು ನ್ಯಾಯಾಲಯದ ವಿಶೇಷ ಕಲಾಪವೇ ಸಂಗ್ರಹಾಲಯದ ಕಟ್ಟಡದಲ್ಲಿ ನಡೆಯಿತು. 2004ರ ಫೆಬ್ರುವರಿ 11ರಂದು ನೆಲ್ಸನ್ ಮಂಡೇಲಾ ಎಂಬತ್ತು ದಾಟಿದ ಇಬ್ಬರು ಹಿರಿಯರಿಗೆ ಹೊಸ ಮನೆಗಳ ಕೀಲಿಕೈಗಳನ್ನು ಒಪ್ಪಿಸಿದರು. ಆದರೆ ಮುಂದಿನ ಕಾರ್ಯ ಬಹು ನಿಧಾನವಾಯಿತು. 2018ರಲ್ಲಿ ಅರ್ಜಿದಾರರು ಸರ್ಕಾರದ ವಿರುದ್ಧ ಮತ್ತೆ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಮರಳುವ ದಿನವನ್ನು ಕಾಯುತ್ತಲೇ ಅನೇಕ ವೃದ್ಧರು ತೀರಿಕೊಂಡರು. 1970ರಲ್ಲಿ ಅಳಿಸಿದ್ದ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಹೆಸರು ಅಧಿಕೃತವಾಗಿ ಮರಳಿದ್ದು 2019ರಲ್ಲಿ. ಹೆಸರು ಮರಳಿತು, ಆ ಹೆಸರಿನ ಜನರಲ್ಲಿ ಬಹುಪಾಲು ಮರಳಲಿಲ್ಲ.

ಹೀಗಾಗಿ ಆ ಸಂಗ್ರಹಾಲಯದ ಮುಂದೆ ಈಗ ಕಠಿಣವಾದ ಕಾರ್ಯವಿದೆ. ಕಂಡದ್ದನ್ನು ಹೇಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಮಕ್ಕಳು, ಮೊಮ್ಮಕ್ಕಳು ಕೇಳಿದ್ದನ್ನು ಹೇಳಬೇಕಾಗಿದೆ. ನಾಮಫಲಕ ತಾನಾಗಿ ಮಾತನಾಡದು. ಅದರ ಕೆಳಗೆ ನಿಂತು, 'ನಮ್ಮ ಮನೆ ಈ ಬೀದಿಯಲ್ಲಿತ್ತು' ಎನ್ನುವವರಿದ್ದರೆ ಅದು ಸಾಕ್ಷಿ. ಇಲ್ಲದಿದ್ದರೆ ಬರಿಯ ತಗಡು.

ನಮ್ಮ ನಮ್ಮ ಊರುಗಳಲ್ಲಿ ಚರಿತ್ರೆಯ ಕೋಣೆ ಕಟ್ಟಲು ಹೊರಡುವ ಹಿರಿಯರು ಇದನ್ನು ಮನಗಾಣಬೇಕು. ಕಟ್ಟಡಕ್ಕೆ ಹಣ ಕೂಡಿಸುವ ಮುನ್ನ, ಊರಿನ ವೃದ್ಧರನ್ನು ಕೂಡಿಸಿ, ಅವರ ಮಾತನ್ನು ಬರೆದಿಡುವ ಕಾರ್ಯ ಮೊದಲಾಗಲಿ.