ಮೆನು ಬದಲಾಯ್ತು, ಪುಟ ಎಲ್ಲಿ ಹೋಯ್ತು?

ಬಳ್ಳಾರಿಯಿಂದ ಹೊಸಪೇಟೆ ಕಡೆ ಬಸ್ಸಲ್ಲಿ ಹೋಗಿದ್ರೆ ನಮ್ಮ ಕುಡತಿನಿ ನೋಡಿರ್ತೀರಿ. ಪವರ್ ಪ್ಲಾಂಟಿನ ಚಿಮಣಿ ಎಲ್ಲರಿಗೂ ಕಾಣುತ್ತೆ, ಬೂದಿದಿಬ್ಬ ಯಾರೂ ಗಮನಿಸಲ್ಲ. ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ಬೂದಿ ಅದು. ಸಾವಿರಾರು ವರ್ಷ ಆದ್ರೂ ಉಳಿದಿದೆ. ಆದರೆ ಬರೀ 25 ವರ್ಷದ ಹಿಂದಿನ ಎಷ್ಟೋ ವೆಬ್ ಪುಟಗಳು ಇವತ್ತು ಸರಿಯಾಗಿ ತೆರೆಯಲ್ಲ. ಯಾಕೆ? ಇವತ್ತಿನ ಎಪಿಸೋಡ್ ಅದೇ.

ಈಗ ಫೋನಿನಲ್ಲಿ ಮೂರು ಗೆರೆ ಒತ್ತಿದ್ರೆ ಮೆನು ಬಿಚ್ಚಿಕೊಳ್ಳುತ್ತೆ. ಆಗ ಅದಕ್ಕೊಂದು ಸಾಹಸವೇ ಬೇಕಿತ್ತು. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಜಾವಾ ಭಾಷೆಯನ್ನ ಹೊರಗೆ ತಂತು. 1996ರಲ್ಲಿ ಬಂದ ನೆಟ್‌ಸ್ಕೇಪ್ 2 ಬ್ರೌಸರ್‌ನಲ್ಲಿ ಜಾವಾನೂ ಇತ್ತು, ಫ್ರೇಮೂ ಇತ್ತು. ಫ್ರೇಮ್ ಅಂದ್ರೆ ಪರದೆಯನ್ನ ಪಾಲು ಮಾಡೋದು: ಎಡಕ್ಕೆ ಮೆನು, ಬಲಕ್ಕೆ ವಿಷಯ. ಮಂದಗತಿಯ ಡಯಲ್-ಅಪ್ ಕಾಲ ನೋಡ್ರಿ, ಮೆನು ಪ್ರತಿ ಸಲ ಲೋಡ್ ಆಗೋದು ತಪ್ಪಿತು.

ಎಡಗಡೆಯ ಮೆನುವನ್ನ ಕೆಲವರು ಜಾವಾ ಆಪ್ಲೆಟ್ ಆಗಿ ಮಾಡ್ತಿದ್ರು. ಆಪ್ಲೆಟ್ ಅಂದ್ರೆ ಪುಟದೊಳಗೆ ಕೂರುವ ಸಣ್ಣ ಪ್ರೋಗ್ರಾಮ್. ಇದರಲ್ಲಿದ್ದ ಜಾಣತನ ಏನಂದ್ರೆ, ಮೆನುವಿನ ಬಣ್ಣ, ಹೆಸರು, ಲಿಂಕುಗಳನ್ನ ಪ್ರೋಗ್ರಾಮಿನ ಒಳಗೆ ಬರೆಯದೆ, ಪುಟದಲ್ಲೇ 'ಪ್ಯಾರಾಮ್' ಅನ್ನೋ ಸಾಲುಗಳಲ್ಲಿ ಕೊಡಬಹುದಿತ್ತು. ಜಾವಾ ಬರದವರೂ ಆ ಸಾಲು ತಿದ್ದಿ ತಮ್ಮ ಮೆನು ತಾವೇ ಬದಲಾಯಿಸಿಕೊಳ್ಳಬಹುದು. ಕ್ಲಿಕ್ ಮಾಡಿದಾಗ ಆಪ್ಲೆಟ್ 'ಶೋಡಾಕ್ಯುಮೆಂಟ್' ಅನ್ನೋ ಆಜ್ಞೆ ಕೊಡುತ್ತೆ, ಜೊತೆಗೆ ಫ್ರೇಮಿನ ಹೆಸರು ಹೇಳುತ್ತೆ. ಬಲಗಡೆ ಪುಟ ಬದಲಾಗುತ್ತೆ, ಮೆನು ಕೂತಲ್ಲೇ ಇರುತ್ತೆ.

ಈಗ ಕನ್ನಡಕ್ಕೆ ಬರೋಣ. 1996ರಲ್ಲೇ ಯು. ಬಿ. ಪವನಜ ಅವರು ವಿಶ್ವಕನ್ನಡ ಜಾಲತಾಣ ಶುರು ಮಾಡಿದ್ರು, ಅದು ಕನ್ನಡದ ಮೊದಲ ಜಾಲತಾಣ. ಜಾವಾದ ಒಳಗೆ ಮೊದಲಿಂದಲೂ ಯೂನಿಕೋಡ್ ಇತ್ತು, ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಜಾಗ ಇತ್ತು. ಆದ್ರೆ ಜಾಗ ಇದ್ರೆ ಸಾಕಾ? ಒತ್ತಕ್ಷರ, ಕಾಗುಣಿತ ಕೂಡಿಸಿ ತೋರಿಸೋಕೆ ಕಂಪ್ಯೂಟರ್ ಕಲಿತಿರಬೇಕು. ವಿಂಡೋಸ್‌ಗೆ ಆ ಕಲಿಕೆ ತುಂಗಾ ಫಾಂಟ್ ಜೊತೆ ಬಂದಿದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲೀತನಕ ಕನ್ನಡದ ಮೆನು ಬೇಕಂದ್ರೆ ಅಕ್ಷರವನ್ನ ಚಿತ್ರ ಮಾಡಿ ಅಂಟಿಸಬೇಕು, ಇಲ್ಲಾ ತಮ್ಮದೇ ಸಂಕೇತದ ಫಾಂಟ್ ಬಳಸಬೇಕು. ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣ್ತಿತ್ತು.

ಆಮೇಲೆ ಡಬ್ಬಿಗಳೇ ಒಂದೊಂದಾಗಿ ಮುಚ್ಚಿದವು. 2014ರ ಎಚ್‌ಟಿಎಂಎಲ್ 5 ಫ್ರೇಮ್‌ಸೆಟ್ಟನ್ನ ಕೈಬಿಡ್ತು. ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಜಾವಾ ಪ್ಲಗಿನ್ ನಿಲ್ಲಿಸಿದವು. ಐಫೋನ್, ಆಂಡ್ರಾಯ್ಡ್ ಬ್ರೌಸರ್‌ಗಳಲ್ಲಿ ಆಪ್ಲೆಟ್ ಯಾವತ್ತೂ ಓಡಲೇ ಇಲ್ಲ. ಮೆನು ಸತ್ತರೆ ಅದರ ಹಿಂದಿನ ಪುಟಗಳಿಗೆ ದಾರಿನೂ ಸತ್ತಂಗೆ. ಪುಟ ಸರ್ವರಿನಲ್ಲಿ ಇದ್ರೂ ಯಾರಿಗೂ ಸಿಗಲ್ಲ.

ನನಗೆ ಇದರಲ್ಲಿ ಕಾಣೋದು ಒಂದೇ ಮಾತು. ಅಂದವನ್ನ ಡಬ್ಬಿಯಲ್ಲಿಡಿ, ಪರವಾಗಿಲ್ಲ. ಅಕ್ಷರವನ್ನ ಮಾತ್ರ ಡಬ್ಬಿಯಲ್ಲಿಡಬೇಡಿ. ಇವತ್ತು ನಾವು ಊರಿನ ಸುದ್ದಿ, ಅಜ್ಜಿಯ ಹಾಡು, ಜಾತ್ರೆಯ ಕಥೆ ಎಲ್ಲಾ ಚಿತ್ರ ಮಾಡಿ ಸ್ಟೇಟಸ್‌ಗೆ ಹಾಕ್ತೀವಿ. ಹುಡುಕಿದ್ರೆ ಸಿಗುತ್ತಾ? ಅದನ್ನೇ ಯೂನಿಕೋಡ್ ಕನ್ನಡದಲ್ಲಿ ನಾಲ್ಕು ಸಾಲು ಟೈಪ್ ಮಾಡಿ ಇಡ್ರಿ. ಮುಂದೆ ಮೆನು ಹೆಂಗಾದ್ರೂ ಇರಲಿ, ಓದೋರಿಗೆ ಅದು ಸಿಗುತ್ತೆ.

ಮುಂದಿನ ವಾರ ಸಿಗೋಣ ರೀ.